ಹಿಮಾಚಲವನ್ನು ಕಿಲೋಮೀಟರಿನಲ್ಲಿ ಅಳೆಯಬೇಡಿ

ಕುಲ್ಲು ಕಣಿವೆಯ ಒಂದು ಹಳ್ಳಿಯಲ್ಲಿ ಚಹಾ ಕುಡಿಯುತ್ತಾ ಕೂತಿದ್ದೆ. ಎದುರು ಬೆಟ್ಟದ ಮೇಲೆ ಇನ್ನೊಂದು ಹಳ್ಳಿ. ಅಲ್ಲಿನ ಮನೆಗಳ ಕಿಟಕಿ ಎಣಿಸಬಹುದಿತ್ತು. ಮಾಡಿನ ಮೇಲೆ ಒಣಗಲು ಹಾಕಿದ ಮೆಕ್ಕೆಜೋಳದ ಹಳದಿಯೂ ಕಾಣುತ್ತಿತ್ತು. "ಅಲ್ಲಿಗೆ ಎಷ್ಟು ದೂರ?" ಎಂದು ಕೇಳಿದೆ. ಅಂಗಡಿಯಾತ ಮೊದಲು ನನ್ನ ಶೂ ನೋಡಿದ, ಆಮೇಲೆ ಹೊಟ್ಟೆ ನೋಡಿದ. "ನಮಗಾದರೆ ಒಂದೂವರೆ ಗಂಟೆ. ನಿಮಗೆ ಮೂರು" ಎಂದ.

ನನಗೆ ನಾಲ್ಕು ಹಿಡಿಯಿತು. ಕೂಗಿದರೆ ಕೇಳುವಷ್ಟು ಹತ್ತಿರದ ಊರಿಗೆ ಹೋಗಲು ಮೊದಲು ಹೊಳೆಯ ತನಕ ಇಳಿಯಬೇಕು. ಮರದ ಸೇತುವೆ ದಾಟಬೇಕು. ಇಳಿದದ್ದನ್ನೆಲ್ಲ ಮತ್ತೆ ಹತ್ತಬೇಕು. ಗಮನಿಸಿ, ಅವನ ಉತ್ತರದಲ್ಲಿ ಕಿಲೋಮೀಟರ್ ಇರಲೇ ಇಲ್ಲ. ಹಿಮಾಚಲದಲ್ಲಿ ದೂರ ಅಂದರೆ ಗಂಟೆ, ಗಂಟೆ ಅಂದರೆ ಏರು-ಇಳಿವು. ಇಲ್ಲಿನ ಮಳೆ, ಮನೆ, ಬೆಳೆ, ದೇವರು ಎಲ್ಲಕ್ಕೂ ಇದೇ ಲೆಕ್ಕ. ಎಷ್ಟು ಅಗಲ ಅಂತ ಕೇಳುವುದಕ್ಕಿಂತ ಎಷ್ಟು ಎತ್ತರ ಅಂತ ಕೇಳಿದರೆ ಈ ರಾಜ್ಯ ಬೇಗ ಅರ್ಥವಾಗುತ್ತದೆ.

ನಕ್ಷೆಯಲ್ಲಿ ಹಿಮಾಚಲ ಪುಟ್ಟದು. 55,673 ಚದರ ಕಿಲೋಮೀಟರ್. ಕರ್ನಾಟಕದ ಮೂರರಲ್ಲಿ ಒಂದು ಪಾಲಿಗಿಂತಲೂ ಕಡಿಮೆ. 2011ರ ಜನಗಣತಿಯ ಪ್ರಕಾರ ಜನಸಂಖ್ಯೆ ಸುಮಾರು 68 ಲಕ್ಷ. ಆಗಿನ ಬೆಂಗಳೂರಿನಲ್ಲೇ ಅದಕ್ಕಿಂತ ಜಾಸ್ತಿ ಜನ ಇದ್ದರು. ಆ 68 ಲಕ್ಷದಲ್ಲಿ ನೂರಕ್ಕೆ ತೊಂಬತ್ತು ಮಂದಿ ಹಳ್ಳಿಯವರು. ಆದರೆ ಎತ್ತರ ನೋಡಿ. ಪಂಜಾಬಿಗೆ ತಾಗಿದ ಊನಾ ಕಡೆಯ ನೆಲ ಸಮುದ್ರಮಟ್ಟದಿಂದ 350 ಮೀಟರ್ ಆಸುಪಾಸಿನಲ್ಲಿದೆ. ಟಿಬೆಟ್ ಗಡಿಯ ರಿಯೋ ಪುರ್ಗ್ಯಿಲ್ ಶಿಖರ 6,816 ಮೀಟರ್. ನಮ್ಮ ಮುಳ್ಳಯ್ಯನಗಿರಿ 1,930 ಮೀಟರ್ ಇದೆಯಲ್ಲ, ಶಿಮ್ಲಾದ ರೈಲು ನಿಲ್ದಾಣವೇ ಅದಕ್ಕಿಂತ ಮೇಲಿದೆ, 2,076 ಮೀಟರಿನಲ್ಲಿ. ಅಂದರೆ ಅವರು ತರಕಾರಿ ತರಲು ಹೋಗುವ ಜಾಗ ನಮ್ಮ ರಾಜ್ಯದ ತುತ್ತತುದಿಗಿಂತ ಎತ್ತರ!

ಆ ನಿಲ್ದಾಣಕ್ಕೆ ಹೋಗುವ ಪುಟ್ಟ ರೈಲೇ ಹಿಮಾಚಲದ ಒಳ್ಳೆಯ ಮೊದಲ ಪಾಠ. 1903ರಲ್ಲಿ ಶುರುವಾದ ಕಾಲ್ಕಾ–ಶಿಮ್ಲಾ ರೈಲಿಗೆ ಎರಡೂವರೆ ಅಡಿ ಅಗಲದ ಹಳಿ. ದಾರಿ 96 ಕಿಲೋಮೀಟರ್. ನೂರಕ್ಕೂ ಹೆಚ್ಚು ಸುರಂಗಗಳು. ಬೆಂಗಳೂರು–ಮೈಸೂರಿಗಿಂತ ಕಡಿಮೆ ದೂರಕ್ಕೆ ಐದು ಗಂಟೆ ಹಿಡಿಯುತ್ತದೆ. ಅಷ್ಟರಲ್ಲಿ ಅದು 1,400 ಮೀಟರ್ ಹತ್ತಿರುತ್ತದೆ. ಸಾವಿರ ಮೀಟರ್ ಹತ್ತಿದರೆ ಸುಮಾರು ಆರು ಡಿಗ್ರಿ ಸೆಕೆ ಇಳಿಯುತ್ತದೆ. ಕಾಲ್ಕಾದಲ್ಲಿ ಬೆವರು ಒರೆಸಿಕೊಂಡವರು ಶಿಮ್ಲಾದಲ್ಲಿ ಸ್ವೆಟರ್ ಹುಡುಕುತ್ತಾರೆ. ನಡುವೆ ಮರಗಳೂ ಬದಲಾಗುತ್ತವೆ. ಕೆಳಗೆ ಬಿದಿರು, ಕುರುಚಲು. ಸ್ವಲ್ಪ ಮೇಲೆ ಉದ್ದ ಸೂಜಿ ಎಲೆಯ ಚೀಡ್ ಮರ. ಶಿಮ್ಲಾ ಹತ್ತಿರ ಬಂದಂತೆ ಓಕ್, ದೇವದಾರು. ಇನ್ನೂ ಎತ್ತರದ ಜಾಗಗಳಲ್ಲಿ ಭೂರ್ಜ ಮರ, ಅದಕ್ಕೂ ಮೇಲೆ ಬರೀ ಹುಲ್ಲು. ಅಭ್ಯಾಸವಾದರೆ ಕಿಟಕಿಯಾಚೆ ಯಾವ ಮರ ಇದೆ ಅಂತ ನೋಡಿಯೇ ಎಷ್ಟು ಎತ್ತರದಲ್ಲಿದ್ದೇವೆ ಅಂತ ಅಂದಾಜು ಮಾಡಬಹುದು.

ಈಗ ಮಳೆಗೆ ಬರೋಣ. ಹಿಮಾಚಲವನ್ನು ಮೆಟ್ಟಿಲುಗಳ ಹಾಗೆ ಕಲ್ಪಿಸಿಕೊಳ್ಳಿ. ಮೊದಲು ಶಿವಾಲಿಕ್ ಎಂಬ ಸಣ್ಣ ಗುಡ್ಡಗಳು. ಆಮೇಲೆ ಕಾಂಗ್ರಾ ಕಣಿವೆಯ ಬೆನ್ನಿಗೆ ಎದ್ದು ನಿಂತ ಧೌಲಾಧಾರ್. ಅದರಾಚೆ ಪೀರ್ ಪಂಜಾಲ್. ಕೊನೆಗೆ ಟಿಬೆಟ್ ಕಡೆಯ ಮಹಾ ಹಿಮಾಲಯ. ಬಂಗಾಳ ಕೊಲ್ಲಿಯಿಂದಲೂ ಅರಬ್ಬಿ ಸಮುದ್ರದಿಂದಲೂ ಬರುವ ಮುಂಗಾರು ಮೋಡ ಧೌಲಾಧಾರಿಗೆ ಬಂದು ಡಿಕ್ಕಿ ಹೊಡೆಯುತ್ತದೆ. ಅಲ್ಲಿ ಬುಡಕ್ಕೆ ಮೆಲ್ಲಗೆ ಏರುವ ಗುಡ್ಡಗಳೇ ಇಲ್ಲ, ಗದ್ದೆ ಮುಗಿದ ಕೂಡಲೇ ಗೋಡೆ ಎದ್ದ ಹಾಗೆ ಪರ್ವತ. ಹಾಗಾಗಿ ಧರ್ಮಶಾಲೆಯಲ್ಲಿ ವರ್ಷಕ್ಕೆ 3,000 ಮಿಲಿಮೀಟರ್ ಆಸುಪಾಸು ಮಳೆ. ಅದೇ ರಾಜ್ಯದಲ್ಲಿ, ಈ ಪರ್ವತಗಳ ಆಚೆಗಿರುವ ಸ್ಪಿತಿ ಕಣಿವೆಯಲ್ಲಿ 200 ಮಿಲಿಮೀಟರ್ ಕೂಡ ಕಷ್ಟ.

ನಮಗೆ ಇದು ಹೊಸ ವಿಷಯವೇನಲ್ಲ. ಆಗುಂಬೆಯಲ್ಲಿ ಸುರಿದು ಖಾಲಿಯಾದ ಮೋಡ ಚಿತ್ರದುರ್ಗದ ಹೊತ್ತಿಗೆ ಬರಿಗೈ. ಆದರೆ ನಮ್ಮಲ್ಲಿ ಈ ಬದಲಾವಣೆ ನಿಧಾನ. ಶಿವಮೊಗ್ಗ, ಹೊಳಲ್ಕೆರೆ ಅಂತ ಬಸ್ಸಿನಲ್ಲಿ ಕೂತು ನೋಡುತ್ತಾ ಹೋಗುವಷ್ಟು ಸಮಯ ಇದೆ. ಅಲ್ಲಿ ಹಾಗಲ್ಲ. ಮನಾಲಿಯಿಂದ ಮೇಲೆ ಹೋದರೆ 9.02 ಕಿಲೋಮೀಟರ್ ಉದ್ದದ ಅಟಲ್ ಸುರಂಗ ಸಿಗುತ್ತದೆ. ಈ ಬಾಯಲ್ಲಿ ದಟ್ಟ ಮರ, ಒದ್ದೆ ಬಂಡೆ, ಮಂಜು. ಹತ್ತು-ಹದಿನೈದು ನಿಮಿಷ ಹಳದಿ ದೀಪದ ಕೆಳಗೆ ಹೋಗುತ್ತೀರಿ. ಆ ಬಾಯಲ್ಲಿ ಹೊರಬಂದರೆ ನೀಲಿ ಆಕಾಶ, ಬೋಳು ಕಂದು ಬೆಟ್ಟ, ಕೆಳಗೆ ಬೂದಿ ಬಣ್ಣದ ಚಂದ್ರಾ ನದಿ. ಮೊದಲ ಸಲ ನಾನು ಹಿಂದೆ ತಿರುಗಿ ನೋಡಿದ್ದೆ, ಬೇರೆ ದೇಶಕ್ಕೆ ಬಂದೆವೇನೋ ಅಂತ. ಪೀರ್ ಪಂಜಾಲದ ಅಡಿಯಿಂದ ತೂರಿ ಮಳೆಯ ನೆರಳಿಗೆ ಬಂದಿದ್ದೆ, ಅಷ್ಟೇ.

ಈ ಸುರಂಗ ತೆರೆದದ್ದು 2020ರ ಅಕ್ಟೋಬರ್ 3ರಂದು. ಅದಕ್ಕೂ ಮೊದಲು ಲಾಹೌಲ್ ಕಣಿವೆಯ ಜನ 3,978 ಮೀಟರ್ ಎತ್ತರದ ರೋಹ್ತಾಂಗ್ ಕಣಿವೆದಾರಿಯನ್ನೇ ನಂಬಿದ್ದರು. ಹಿಮ ಬಿದ್ದು ಆ ದಾರಿ ಮುಚ್ಚಿದರೆ ಹೆಚ್ಚುಕಡಿಮೆ ಆರು ತಿಂಗಳು ಹೊರಜಗತ್ತೇ ಇಲ್ಲ. ಹಿಟ್ಟು, ಸೌದೆ, ದನದ ಮೇವು, ಔಷಧಿ ಎಲ್ಲ ಅಕ್ಟೋಬರಿಗೇ ಒಳಗೆ ಸೇರಿರಬೇಕು. ಹೆರಿಗೆ ಕಷ್ಟವಾದರೆ ಹೆಲಿಕಾಪ್ಟರಿಗೆ ಕಾಯಬೇಕು. ಪ್ರವಾಸಿಗೆ ಈ ಸುರಂಗ ಹತ್ತು ನಿಮಿಷದ ಮೋಜು. ಅಲ್ಲಿನವರಿಗೆ ವರ್ಷಕ್ಕೆ ಆರು ತಿಂಗಳು ಮರಳಿ ಸಿಕ್ಕ ಹಾಗೆ.

ಹಿಮದ ಲೆಕ್ಕ ಎಷ್ಟು ಗಟ್ಟಿ ಅಂದರೆ ದೇಶದ ಮೊದಲ ಚುನಾವಣೆಯೂ ಅದಕ್ಕೆ ತಲೆಬಾಗಿತ್ತು. ಉಳಿದ ಭಾರತದ ಬಹುಪಾಲು ಜನ ಮತ ಹಾಕಿದ್ದು 1952ರ ಆರಂಭದಲ್ಲಿ. ಕಿನ್ನೌರ್ ಕಡೆ ಅಷ್ಟು ಹೊತ್ತಿಗೆ ದಾರಿ ಮುಚ್ಚಿರುತ್ತದೆ. ಹಾಗಾಗಿ ಅಲ್ಲಿ 1951ರ ಅಕ್ಟೋಬರಿನಲ್ಲೇ ಮತದಾನ ಮುಗಿಸಿದರು. ಅಲ್ಲಿನ ಕಲ್ಪಾ ಊರಿನ ಶಾಲಾ ಮೇಷ್ಟ್ರು ಶ್ಯಾಮ್ ಸರನ್ ನೇಗಿ ಸ್ವತಂತ್ರ ಭಾರತದ ಮೊದಲ ಮತದಾರ ಎನಿಸಿಕೊಂಡದ್ದು ಹೀಗೆ. 2022ರಲ್ಲಿ ತೀರಿಕೊಳ್ಳುವ ಕೆಲವೇ ದಿನ ಮುಂಚೆಯೂ ಅವರು ಮತ ಹಾಕಿದ್ದರು.

ಹೆಸರಿನ ಬಗ್ಗೆ ಒಂದು ಮಾತು. ಅಚಲ ಅಂದರೆ ಅಲುಗಾಡದ್ದು. ಆದರೆ ಹಿಮಾಚಲ ಅಲುಗಾಡುತ್ತಲೇ ಇದೆ. ಸಹ್ಯಾದ್ರಿ ನೋಡಿ ಬೆಳೆದ ನಮಗೆ ಬೆಟ್ಟ ಅಂದರೆ ಹಳೆಯದು, ಗಟ್ಟಿ. ನಮ್ಮ ನೆಲದಡಿಯ ಬಂಡೆಗಳಲ್ಲಿ ಬಹಳಷ್ಟಕ್ಕೆ 250 ಕೋಟಿ ವರ್ಷಕ್ಕೂ ಹೆಚ್ಚು ವಯಸ್ಸು. ಹಿಮಾಲಯ ಹುಟ್ಟಲು ಶುರುವಾಗಿ ಸುಮಾರು ಐದು ಕೋಟಿ ವರ್ಷ ಆಗಿದೆಯಷ್ಟೇ. ಭಾರತದ ಭೂಫಲಕ ಏಷ್ಯಾದ ಫಲಕಕ್ಕೆ ಗುದ್ದಿದಾಗ ನಡುವಿನ ಟೆಥಿಸ್ ಸಮುದ್ರದ ತಳ ಮಡಚಿಕೊಂಡು ಮೇಲೆದ್ದಿತು. ಅದಕ್ಕೇ ಸ್ಪಿತಿಯ ಲಾಂಗ್ಜಾ ಹಳ್ಳಿಯಲ್ಲಿ, ನಾಲ್ಕು ಸಾವಿರ ಮೀಟರಿಗೂ ಮೇಲೆ, ಸಮುದ್ರಜೀವಿಗಳ ಸುರುಳಿ ಪಳೆಯುಳಿಕೆ ಸಿಗುತ್ತದೆ. (ಮಕ್ಕಳು ಮಾರಲು ತಂದರೆ ಕೊಳ್ಳಬೇಡಿ. ಅವು ಅಲ್ಲೇ ಇರಲಿ.) ಆ ಗುದ್ದಾಟ ಇನ್ನೂ ನಿಂತಿಲ್ಲ. ಭೂಮಿ ಒಳಗಿಂದ ತಳ್ಳುತ್ತಿದೆ, ನದಿ ಹೊರಗಿಂದ ಕೊರೆಯುತ್ತಿದೆ. ಬೆಟ್ಟದ ಮೈಯೆಲ್ಲ ಬಿರುಕು.

1905ರ ಏಪ್ರಿಲ್ 4ರಂದು ಕಾಂಗ್ರಾದಲ್ಲಿ ಆದ ಭೂಕಂಪದಲ್ಲಿ ಸುಮಾರು 20,000 ಜನ ಸತ್ತರು. ಇಂಥ ನೆಲದಲ್ಲಿ ಮನೆ ಕಟ್ಟುವುದು ಹೇಗೆ ಅನ್ನುವುದಕ್ಕೆ ಇಲ್ಲಿನ ಬಡಗಿಗಳು ಕಂಡುಕೊಂಡ ಉತ್ತರ ಕಾಠ್-ಕುನಿ. ಕಾಠ್ ಅಂದರೆ ಮರ, ಕುನಿ ಅಂದರೆ ಮೂಲೆ. ಒಮ್ಮೆ ಇಂಥ ಗೋಡೆಯ ಹತ್ತಿರ ನಿಂತು ಕೈಯಾಡಿಸಿ. ಒಂದು ವರಸೆ ದೇವದಾರು ತೊಲೆ, ಅದರ ಮೇಲೆ ಒಂದು ವರಸೆ ಒಣ ಕಲ್ಲು, ಮತ್ತೆ ತೊಲೆ, ಮತ್ತೆ ಕಲ್ಲು. ಗೋಡೆಯ ಒಳಮೈಗೊಂದು ಹೊರಮೈಗೊಂದು ಹೀಗೆ ತೊಲೆಗಳು ಜೋಡಿಯಾಗಿ ಹೋಗುತ್ತವೆ, ಅಡ್ಡ ಮರದ ಕೊಂಡಿ ಅವನ್ನು ಹಿಡಿದಿರುತ್ತದೆ. ಸಿಮೆಂಟ್ ಇಲ್ಲ, ಗಾರೆ ಇಲ್ಲ. ಮೂಲೆಯಲ್ಲಿ ತೊಲೆಗಳು ಬೆರಳಿಗೆ ಬೆರಳು ಹೆಣೆದ ಹಾಗೆ ಒಂದರ ಮೇಲೊಂದು ಕೂತಿರುತ್ತವೆ. ಮೇಲೆ ಚಪ್ಪಟೆ ಸ್ಲೇಟ್ ಕಲ್ಲಿನ ಭಾರದ ಮಾಡು ಎಲ್ಲವನ್ನೂ ಒತ್ತಿ ಹಿಡಿಯುತ್ತದೆ. ನೆಲ ನಡುಗಿದರೆ ಗೋಡೆ ಬಿರಿಯುವುದಿಲ್ಲ, ಕಿರುಗುಟ್ಟುತ್ತಾ ಸ್ವಲ್ಪ ಸರಿದು ಮತ್ತೆ ಕೂರುತ್ತದೆ. ಕೆಳಗಿನ ಅಂತಸ್ತಿನಲ್ಲಿ ದನ. ಅವುಗಳ ಮೈ ಶಾಖ ಮೇಲಿನ ಕೋಣೆಗೆ ಹತ್ತುತ್ತದೆ. ವಾಸನೆಯೂ ಹತ್ತುತ್ತದೆ, ಅದು ಬೇರೆ ಮಾತು. ನಗ್ಗರ್ ಕೋಟೆಮನೆ ಈ ಬಗೆಯ ಕಟ್ಟಡಕ್ಕೆ ಸುಲಭವಾಗಿ ನೋಡಸಿಗುವ ಮಾದರಿ.

ಪೀರ್ ಪಂಜಾಲ್ ದಾಟಿದರೆ ಮನೆಯೇ ಬೇರೆ. ಮಳೆ ಇಲ್ಲದ ಸ್ಪಿತಿಯಲ್ಲಿ ಇಳಿಜಾರು ಮಾಡು ಯಾಕೆ? ಅಲ್ಲಿ ಮಣ್ಣಿನ ಗೋಡೆ, ಚಪ್ಪಟೆ ಮಣ್ಣಿನ ತಾರಸಿ, ತಾರಸಿ ಮೇಲೆ ಚಳಿಗಾಲದ ಸೌದೆ. ಕ್ರಿ.ಶ. 996ರಲ್ಲಿ ಸ್ಥಾಪನೆಯಾದ ತಾಬೋ ಬೌದ್ಧ ವಿಹಾರ ಹೊರಗಿನಿಂದ ಮಣ್ಣಿನ ಗುಡ್ಡೆಯ ಹಾಗೆ ಕಾಣುತ್ತದೆ. ಒಳಗೆ ಗೋಡೆ ತುಂಬ ಸಾವಿರ ವರ್ಷದ ಚಿತ್ರಗಳು.

ಈಗ ಕಾಠ್-ಕುನಿ ಕಡಿಮೆಯಾಗುತ್ತಿದೆ. ದೇವದಾರು ಸಿಗುವುದು ಕಷ್ಟ, ಕಡಿಯಲು ಕಟ್ಟುನಿಟ್ಟು, ಬಡಗಿಗಳೂ ಅಪರೂಪ. ಅದರ ಜಾಗದಲ್ಲಿ ಕಾಂಕ್ರೀಟ್ ಬಂದಿದೆ. ಅದೂ ಕಡಿದಾದ ಇಳಿಜಾರಿನಲ್ಲಿ ತೆಳು ಕಂಬಗಳ ಮೇಲೆ ಆರೇಳು ಅಂತಸ್ತು. 2023ರ ಮಳೆಗಾಲದಲ್ಲಿ ಬಿಯಾಸ್ ನದಿ ಮನಾಲಿ ಹೆದ್ದಾರಿಯನ್ನೇ ಅಲ್ಲಲ್ಲಿ ಎತ್ತಿಕೊಂಡು ಹೋಯಿತು, ಶಿಮ್ಲಾದಲ್ಲಿ ಗುಡ್ಡ ಜಾರಿ ಕಟ್ಟಡಗಳು ಕುಸಿದವು. ಆ ವರ್ಷ ನೂರಾರು ಜನ ಸತ್ತರು. ಮಳೆ ಜಾಸ್ತಿಯಾದದ್ದು ನಿಜ. ರಸ್ತೆ ಅಗಲ ಮಾಡಲು ಗುಡ್ಡವನ್ನು ನೆಟ್ಟಗೆ ಸೀಳಿದ್ದು, ನದಿಯ ಪಾತ್ರದಲ್ಲೇ ಹೋಟೆಲ್ ಕಟ್ಟಿದ್ದು ಕೂಡ ಅಷ್ಟೇ ನಿಜ. ಕೊಡಗಿನಲ್ಲಿ 2018ರಲ್ಲಿ ನೋಡಿದ್ದೇವಲ್ಲ.

ನದಿಗಳಿಂದ ಹಿಮಾಚಲಕ್ಕೆ ಬರುವುದು ನೀರಿಗಿಂತ ಹೆಚ್ಚಾಗಿ ಕರೆಂಟು. ಪಂಜಾಬಿನ ಐದು ನದಿಗಳಲ್ಲಿ ಝೀಲಂ ಬಿಟ್ಟು ಉಳಿದ ನಾಲ್ಕೂ ಇಲ್ಲಿ ಹರಿಯುತ್ತವೆ. ಸಟ್ಲೆಜ್ ಮೇಲಿನ ನಾಥ್ಪಾ ಝಾಕ್ರಿ ಯೋಜನೆ ಒಂದೇ 1,500 ಮೆಗಾವಾಟ್. ನದಿಯನ್ನು 27 ಕಿಲೋಮೀಟರ್ ಸುರಂಗದಲ್ಲಿ ನುಗ್ಗಿಸಿ ಕೆಳಗೆ ಬೀಳಿಸುತ್ತಾರೆ. ಇದಕ್ಕೂ ಹಿಂದೆ ಭಾಕ್ರಾ ಅಣೆಕಟ್ಟು ಬಂತು, 1963ರಲ್ಲಿ ನೆಹರೂ ಅದನ್ನು ದೇಶಕ್ಕೆ ಒಪ್ಪಿಸಿದರು. ನೀರಾವರಿಯ ಲಾಭ ಪಂಜಾಬ್, ಹರಿಯಾಣ, ರಾಜಸ್ಥಾನಕ್ಕೆ. ಹಳೆಯ ಬಿಲಾಸ್ಪುರ ಪಟ್ಟಣ ಮಾತ್ರ ಗೋವಿಂದ ಸಾಗರದಲ್ಲಿ ಮುಳುಗಿತು. ನೀರು ಇಳಿದಾಗ ಅಲ್ಲಿನ ಹಳೆಯ ದೇವಸ್ಥಾನಗಳು ಕೆಸರಿನಿಂದ ತಲೆ ಎತ್ತುತ್ತವೆ. ಶರಾವತಿ ಹಿನ್ನೀರಿನ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಸೇಬಿನ ವಿಷಯಕ್ಕೆ ಬರದೆ ಹಿಮಾಚಲ ಮುಗಿಯುವುದಿಲ್ಲ. ನಮ್ಮ ಮಾರುಕಟ್ಟೆಯಲ್ಲಿ "ಶಿಮ್ಲಾ ಸೇಬು" ಅಂತ ಕೂಗುತ್ತಾರೆ. ಶಿಮ್ಲಾ ಪಟ್ಟಣದಲ್ಲಿ ಸೇಬಿನ ತೋಟ ಹುಡುಕಿದರೆ ನಿರಾಶೆಯಾದೀತು. ಅದು ಬೆಳೆಯುವುದು ಕೋಟ್‌ಗಢ, ಜುಬ್ಬಲ್, ರೋಹ್ರು, ಕುಲ್ಲು, ಕಿನ್ನೌರ್ ಕಡೆಗಳಲ್ಲಿ. ಈಗ ಬೆಳೆಯುವ ಬಗೆಯ ಸೇಬನ್ನು ಇಲ್ಲಿ ಹಬ್ಬಿಸಿದವರು ಸ್ಯಾಮ್ಯುಯೆಲ್ ಸ್ಟೋಕ್ಸ್ ಎಂಬ ಅಮೆರಿಕನ್. 1904ರಲ್ಲಿ ಕುಷ್ಠರೋಗಿಗಳ ಸೇವೆಗೆಂದು ಬಂದ ಇಪ್ಪತ್ತರ ಹರೆಯದ ಹುಡುಗ ಅಲ್ಲೇ ಉಳಿದ. ಊರ ಹುಡುಗಿಯನ್ನು ಮದುವೆಯಾದ. ಮೊದಲ ಮಹಾಯುದ್ಧದ ಹೊತ್ತಿಗೆ ಅಮೆರಿಕದಿಂದ ಡೆಲಿಷಿಯಸ್ ತಳಿಯ ಗಿಡ ತರಿಸಿ ಕೋಟ್‌ಗಢದಲ್ಲಿ ನೆಟ್ಟ. ಬ್ರಿಟಿಷರ ವಿರುದ್ಧ ನಿಂತು ಜೈಲಿಗೂ ಹೋದ. 1932ರಲ್ಲಿ ಹಿಂದೂ ಆಗಿ ಸತ್ಯಾನಂದ ಎಂದು ಹೆಸರಿಟ್ಟುಕೊಂಡ.

ಸೇಬಿಗೂ ಎತ್ತರದ ಲೆಕ್ಕವೇ. ಆ ಹಳೆಯ ತಳಿಗಳಿಗೆ ಚಳಿಗಾಲದಲ್ಲಿ ಏಳು ಡಿಗ್ರಿಗಿಂತ ಕೆಳಗಿನ ಚಳಿ ಸಾವಿರ ಗಂಟೆ ಆಸುಪಾಸು ಸಿಗಬೇಕು. ಸಿಗದಿದ್ದರೆ ವಸಂತದಲ್ಲಿ ಹೂವು ಸರಿಯಾಗಿ ಬಿಡುವುದಿಲ್ಲ. ಚಳಿಗಾಲ ಬೆಚ್ಚಗಾಗುತ್ತಿರುವುದರಿಂದ ಕೆಳಗಿನ ತೋಟದವರು ದಾಳಿಂಬೆ, ತರಕಾರಿ ಕಡೆ ಹೊರಳಿದ್ದಾರೆ. ಸೇಬು ಕಿನ್ನೌರ್, ಲಾಹೌಲ್ ಅಂತ ಮೇಲಕ್ಕೆ ಹತ್ತುತ್ತಿದೆ. ಕೊಯ್ಲೂ ಹಾಗೇ. ಜುಲೈನಲ್ಲಿ ಕೆಳಗೆ ಶುರುವಾಗಿ ಅಕ್ಟೋಬರ್ ಹೊತ್ತಿಗೆ ಕಿನ್ನೌರಿಗೆ ತಲುಪುತ್ತದೆ. ಆ ತಿಂಗಳುಗಳಲ್ಲಿ ರಸ್ತೆಯಲ್ಲಿ ಪೇಟಿಗಳನ್ನು ಪೇರಿಸಿದ ಲಾರಿಯೋ ಲಾರಿ. ಪೇಟಿ ಅಂದರೆ ಸೇಬಿನ ಪೆಟ್ಟಿಗೆ. ಸೇಬಿನ ಊರುಗಳಲ್ಲಿ ಅನುಕೂಲಸ್ಥರ ಮಾತು ಬಂದರೆ ಎಕರೆ ಕೇಳುವುದಿಲ್ಲ, ಎಷ್ಟು ಪೇಟಿ ಅಂತ ಕೇಳುತ್ತಾರೆ. ಬೆಟ್ಟದ ಮೇಲೆ ದೂರದಿಂದ ಹಿಮದ ಹಾಗೆ ಕಾಣುವ ಬಿಳಿ ಹಾಸು ಆಲಿಕಲ್ಲಿನಿಂದ ತೋಟ ಕಾಯುವ ಬಲೆ.

ಈ ಜಮೀನು ಊರವರ ಕೈಯಲ್ಲೇ ಉಳಿದದ್ದು ಆಕಸ್ಮಿಕವಲ್ಲ. 1948ರ ಏಪ್ರಿಲ್ 15ರಂದು ಮೂವತ್ತರಷ್ಟು ಪುಟ್ಟ ಸಂಸ್ಥಾನಗಳು ಸೇರಿ ಹಿಮಾಚಲ ಆಯಿತು. 1966ರಲ್ಲಿ ಪಂಜಾಬಿನ ಗುಡ್ಡಗಾಡು ಸೇರಿತು. 1971ರ ಜನವರಿ 25ರಂದು ಶಿಮ್ಲಾದಲ್ಲಿ ಹಿಮ ಬೀಳುತ್ತಿರುವಾಗಲೇ ಇಂದಿರಾ ಗಾಂಧಿ ಇದನ್ನು ಪೂರ್ಣ ರಾಜ್ಯ ಎಂದು ಘೋಷಿಸಿದರು. ಮೊದಲ ಮುಖ್ಯಮಂತ್ರಿ ಯಶವಂತ್ ಸಿಂಗ್ ಪರ್ಮಾರ್ ಕಾಲದ 1972ರ ಭೂಸುಧಾರಣೆ ಕಾಯ್ದೆಯಲ್ಲಿ 118ನೇ ಕಲಂ ಇದೆ. ಅದರ ಪ್ರಕಾರ ಹಿಮಾಚಲದ ಕೃಷಿಕರಲ್ಲದವರು ಸರ್ಕಾರದ ಅನುಮತಿ ಇಲ್ಲದೆ ಅಲ್ಲಿ ಜಮೀನು ಕೊಳ್ಳುವಂತಿಲ್ಲ. ಬಯಲಿನ ದುಡ್ಡು ಬೆಟ್ಟವನ್ನು ನುಂಗಬಾರದು ಅನ್ನುವುದು ಅದರ ಹಿಂದಿನ ಭಯ. ನಮ್ಮಲ್ಲಿ ಕೃಷಿಕರಲ್ಲದವರಿಗಿದ್ದ ನಿರ್ಬಂಧವನ್ನು 2020ರಲ್ಲಿ ತೆಗೆದರು. ಮಲೆನಾಡಿನ ಗುಡ್ಡಗಳ ಮೇಲೆ ಏಳುತ್ತಿರುವ ರೆಸಾರ್ಟ್ ನೋಡಿದಾಗ ನನಗೆ ಆ 118 ನೆನಪಾಗುತ್ತದೆ.

ಬೆಟ್ಟ ಅಡ್ಡ ಇದ್ದರೆ ಕಣಿವೆಗೊಂದು ಮಾತು, ಕಣಿವೆಗೊಂದು ಟೋಪಿ, ಊರಿಗೊಬ್ಬ ದೇವತಾ. ಕಾಂಗ್ಡಿ, ಮಂಡ್ಯಾಲಿ, ಕುಲ್ಲುವಿ, ಚಂಬ್ಯಾಲಿ, ಕಿನ್ನೌರಿ ಹೀಗೆ ಭಾಷೆಗಳು. ಲಾಹೌಲ್-ಸ್ಪಿತಿಗೆ ಹೋದರೆ ನಮಸ್ಕಾರಕ್ಕೆ "ಜೂಲೇ". ದೇವತಾ ಅಂದರೆ ಗುಡಿಯಲ್ಲಿ ಸುಮ್ಮನೆ ಕೂರುವ ಮೂರ್ತಿ ಅಲ್ಲ. ಲೋಹದ ಮುಖವಾಡಗಳನ್ನು ಕಟ್ಟಿದ ಪಲ್ಲಕ್ಕಿಯಲ್ಲಿ ಊರೂರು ತಿರುಗುತ್ತಾನೆ, ನೆಂಟರ ದೇವರ ಮನೆಗೆ ಹೋಗುತ್ತಾನೆ, ಕೋಪಿಸಿಕೊಳ್ಳುತ್ತಾನೆ. ಗೂರ್ ಎಂಬಾತನ ಮೈಮೇಲೆ ಬಂದು ಮಳೆ, ಜಗಳ, ಮದುವೆ ಎಲ್ಲದಕ್ಕೂ ಅಪ್ಪಣೆ ಕೊಡುತ್ತಾನೆ. ಕರಾವಳಿಯಲ್ಲಿ ದೈವದ ನುಡಿ ಕೇಳಿದವರಿಗೆ ಇದು ತೀರಾ ಪರಿಚಿತ ಅನಿಸುತ್ತದೆ. ಪಲ್ಲಕ್ಕಿ ಹೊತ್ತವರನ್ನು ಎಳೆದಾಡುತ್ತಾ ಓಲಾಡುವುದನ್ನು ನೋಡುವಾಗ ಫೋಟೊಗೆ ಮುನ್ನ ಅನುಮತಿ ಕೇಳಿ. ಗುಡಿಯ ಕಟ್ಟೆ ಮುಟ್ಟುವ ಮೊದಲೂ ಕೇಳಿ. ಮಲಾಣಾದಂಥ ಊರಲ್ಲಿ ಮುಟ್ಟಿದರೆ ದಂಡ.

ಈ ದೇವರುಗಳನ್ನೆಲ್ಲ ಒಟ್ಟಿಗೆ ನೋಡಬೇಕಾದರೆ ಕುಲ್ಲು ದಸರಾಕ್ಕೆ ಹೋಗಬೇಕು. ಮೈಸೂರಿನಲ್ಲಿ ಜಂಬೂಸವಾರಿ ಹೊರಟು ದಸರಾ ಮುಗಿಯುವ ವಿಜಯದಶಮಿಯ ದಿನವೇ ಕುಲ್ಲುವಿನಲ್ಲಿ ಶುರು. ಏಳು ದಿನ ನಡೆಯುತ್ತದೆ. ರಘುನಾಥನ ರಥ ಎಳೆಯಲು ಸುತ್ತಲಿನ ಕಣಿವೆಗಳಿಂದ ಇನ್ನೂರಕ್ಕೂ ಹೆಚ್ಚು ದೇವತಾಗಳು ಢಾಲ್ಪುರ್ ಮೈದಾನಕ್ಕೆ ಬರುತ್ತಾರೆ. ಕೆಲವರು ದಿನಗಟ್ಟಲೆ ಹೊತ್ತವರ ಹೆಗಲ ಮೇಲೆ ನಡೆದೇ ಬರುತ್ತಾರೆ.

ಹೀಗೆ ನಡೆಯುವ ಇನ್ನೊಂದು ಗುಂಪು ಗದ್ದಿ ಕುರಿಗಾಹಿಗಳು. ಬೇಸಿಗೆಯಲ್ಲಿ ಕುರಿ-ಮೇಕೆ ಹೊಡೆದುಕೊಂಡು ಕಣಿವೆದಾರಿ ದಾಟಿ ಲಾಹೌಲಿನ ಹುಲ್ಲುಗಾವಲಿಗೆ, ಚಳಿಗೆ ಶಿವಾಲಿಕ್ ಬುಡಕ್ಕೆ. ಸೊಂಟಕ್ಕೆ ಸುತ್ತಿದ ಉದ್ದನೆಯ ಕಪ್ಪು ಉಣ್ಣೆ ಹಗ್ಗ ಅವರ ಗುರುತು. ರಸ್ತೆಯಲ್ಲಿ ಎದುರಾದರೆ ಹಾರ್ನ್ ಹೊಡೆಯಬೇಡಿ, ಎಂಜಿನ್ ಆರಿಸಿ ಕಾಯಿರಿ. ಇನ್ನು ಧರ್ಮಶಾಲೆಯ ಮೇಲಿನ ಮೆಕ್ಲಿಯೋಡ್‌ಗಂಜ್ ಬಗ್ಗೆ ಜಾಸ್ತಿ ಹೇಳಬೇಕಿಲ್ಲ. ದಲೈ ಲಾಮಾ 1960ರಿಂದ ಅಲ್ಲಿದ್ದಾರೆ. ಅಲ್ಲಿನ ಅಂಗಡಿಯಲ್ಲಿ ಕರ್ನಾಟಕ ಅಂದರೆ ಸಾಕು, ಬೈಲಕುಪ್ಪೆಯಲ್ಲೋ ಮುಂಡಗೋಡದಲ್ಲೋ ಅಣ್ಣ ಇದ್ದಾನೆ ಅನ್ನುವವರು ಸಿಗುತ್ತಾರೆ. ಒಬ್ಬರು ನನಗೆ ಕನ್ನಡದಲ್ಲೇ ಚೌಕಾಸಿ ಮಾಡಿ ಗೆದ್ದರು.

ಹೋಗುವವರಿಗೆ ಕೆಲವು ಮಾತು. ಮೇ-ಜೂನ್‌ನಲ್ಲಿ ಶಿಮ್ಲಾ, ಮನಾಲಿಯಲ್ಲಿ ನೋಡಸಿಗುವುದು ಮುಂದಿನ ಕಾರಿನ ಹಿಂಭಾಗ. ಜುಲೈ-ಆಗಸ್ಟ್ ಗುಡ್ಡ ಜಾರುವ ಕಾಲ. ನನಗೆ ಒಪ್ಪುವುದು ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮುಗಿಯುವ ತನಕ. ಆಕಾಶ ತೊಳೆದಂತಿರುತ್ತದೆ, ತೋಟದಲ್ಲಿ ಕೊನೆಯ ಸೇಬು ಇರುತ್ತದೆ. ಸ್ಪಿತಿಗೆ ಮನಾಲಿಯಿಂದ ಹೋದರೆ ಒಂದೇ ದಿನಕ್ಕೆ 2,000 ಮೀಟರಿನಿಂದ 4,500 ಮೀಟರಿನ ಕುಂಜುಮ್ ಕಣಿವೆದಾರಿ ಹತ್ತಿಬಿಡುತ್ತೀರಿ. ತಲೆ ಸಿಡಿಯುತ್ತದೆ, ವಾಂತಿ ಬರುತ್ತದೆ. ಶಿಮ್ಲಾ, ಕಿನ್ನೌರ್ ಮೂಲಕ ಮೂರ್ನಾಲ್ಕು ದಿನ ತಗೊಂಡು ಹೋಗಿ, ಮೈಗೆ ಎತ್ತರ ಒಗ್ಗುತ್ತದೆ. ಆಗಲೂ ತಲೆನೋವು ಹೆಚ್ಚಾದರೆ ಕೆಳಗಿಳಿಯಿರಿ, ಹಟ ಬೇಡ. ನದಿ ಶಾಂತವಾಗಿದೆ ಅಂತ ನಡುವಿನ ಬಂಡೆಗೆ ಹೋಗಿ ಫೋಟೊ ತೆಗೆಸಿಕೊಳ್ಳಬೇಡಿ. ಮೇಲೆ ಅಣೆಕಟ್ಟಿನ ಬಾಗಿಲು ತೆರೆದರೆ ನಿಮಿಷಗಳಲ್ಲಿ ನೀರು ಏರುತ್ತದೆ. 2014ರಲ್ಲಿ ಬಿಯಾಸ್‌ನಲ್ಲಿ ಹೈದರಾಬಾದಿನ 24 ವಿದ್ಯಾರ್ಥಿಗಳು ಕೊಚ್ಚಿಹೋದದ್ದು ಹೀಗೆಯೇ.

ದಿನಕ್ಕೆ ಒಂದೇ ಊರು ಇಟ್ಟುಕೊಳ್ಳಿ. ಸಾಧ್ಯವಾದರೆ ಸರ್ಕಾರಿ ಬಸ್ಸಿನಲ್ಲಿ ಹೋಗಿ. ಕಂಡಕ್ಟರ್ ಒಂದು ಊರಿನ ಔಷಧಿ ಚೀಟಿ ಇನ್ನೊಂದು ಊರಿಗೆ, ಅಲ್ಲಿನ ಕೀಲಿಕೈ ಮತ್ತೊಂದು ಊರಿಗೆ ಮುಟ್ಟಿಸುತ್ತಾ ಹೋಗುತ್ತಾನೆ. ಒಮ್ಮೆ ಗುಡ್ಡ ಜಾರಿ ನಮ್ಮ ಬಸ್ಸು ಐದು ಗಂಟೆ ನಿಂತಿತು. ಯಾರೂ ಗೊಣಗಲಿಲ್ಲ. ಹೆಂಗಸರು ಚೀಲದಿಂದ ಉಣ್ಣೆ ತೆಗೆದು ಹೆಣೆಯಲು ಕೂತರು. ಪಕ್ಕದ ಅಜ್ಜಿ ಡಬ್ಬಿ ಬಿಚ್ಚಿ ಒಂದು ಸಿಡ್ಡು ನನ್ನ ಕೈಗಿಟ್ಟರು. ಹುದುಗಿಸಿದ ಗೋಧಿ ಹಿಟ್ಟಿನೊಳಗೆ ಅಕ್ರೋಟು, ಗಸಗಸೆ ತುಂಬಿ ಹಬೆಯಲ್ಲಿ ಬೇಯಿಸಿದ್ದು. ನಮ್ಮ ಕಡುಬಿನ ಬೆಟ್ಟದ ತಂಗಿ ಅನ್ನಿ. ಮೇಲೆ ತುಪ್ಪ ಸುರಿಯಲು ಬಾಟಲಿ ಬಗ್ಗಿಸಿದಾಗ ಸಾಕು ಅಂದೆ. ಅಜ್ಜಿ ಕಿಟಕಿಯಾಚೆಯ ಏರು ದಾರಿ ನೋಡಿದರು, ನನ್ನನ್ನು ನೋಡಿದರು, ಇನ್ನೂ ಸ್ವಲ್ಪ ಸುರಿದರು.